ಬಾಟಲಿಯೊಳಗಿನ ಬಸವನಹುಳು

(ಕವಲಾಪುರದಲ್ಲಿ ಸೇರಿದ್ದ ಕನ್ನಡ ಮಾಧ್ಯಮ ಶಿಕ್ಷಕರ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಸಾಂಗಲಿಯಿಂದ ತಾಸಗಾವದ ದಾರಿ ಹಿಡಿದು ಬೆಳಿಗ್ಗೆ ಇಲ್ಲಿಗೆ ಬರುವಾಗ ಇಕ್ಕೆಲದ ಹೊಲಗಳಲ್ಲಿ ಮಳೆಯ ನೀರು ನಿಂತಿತ್ತು. ಬದುಗಳ ಮೇಲೆ, ಬೇಲಿಯ ಕಲ್ಲುಗಳ ಮೇಲೆ ಬಸವನಹುಳುಗಳು ಹೊರಬಿದ್ದಿದ್ದವು. ಇಂಥ ದಿನಗಳಲ್ಲಿ ಅವು ನಿಮ್ಮ ತರಗತಿಗೂ ಬಂದೇ ಬರುತ್ತವೆ. ಮಕ್ಕಳ ಕಿಸೆಯಲ್ಲಿ, ಕಂಪಾಸ ಪೆಟ್ಟಿಗೆಯಲ್ಲಿ, ಖಾಲಿಯಾದ ಹಾರ್ಲಿಕ್ಸ್ ಬಾಟಲಿಯಲ್ಲಿ ಬರುತ್ತವೆ. ಎರಡು ಎಲೆ ಹಾಕಿ, ಮುಚ್ಚಳಕ್ಕೆ ಮೊಳೆಯಿಂದ ತೂತು ಮಾಡಿ, ಅದಕ್ಕೊಂದು ಹೆಸರನ್ನೂ ಇಟ್ಟು ಮಗು ಅದನ್ನು ಮೇಜಿನ ಮೇಲೆ ತಂದಿಡುತ್ತದೆ. ಆ ಕ್ಷಣದಲ್ಲಿ ಶಿಕ್ಷಕನಾದವನು ಏನು ಮಾಡಬೇಕು ಎಂಬುದಷ್ಟೇ ನನ್ನ ಇಂದಿನ ವಿಷಯ. ಸಂಘಟಕರು ‘ಪರಿಸರ ಅಭ್ಯಾಸದಲ್ಲಿ ಪ್ರತ್ಯಕ್ಷ ವೀಕ್ಷಣೆ’ ಎಂಬ ವಿಶಾಲ ಶೀರ್ಷಿಕೆ ಕೊಟ್ಟಿದ್ದರು. ನಾನದನ್ನು ಒಂದು ಹುಳುವಿಗೆ ಇಳಿಸಿಕೊಂಡಿದ್ದೇನೆ. ಆ ಹುಳುವಿನ ಒಳಗೆ ವಾಸಿಸುವ ಇನ್ನಷ್ಟು ಹುಳುಗಳಿಗೂ.

ಮೊದಲು ನನ್ನ ತಪ್ಪನ್ನು ಹೇಳಿಬಿಡುತ್ತೇನೆ. ಹದಿನೈದು ವರ್ಷಗಳ ಹಿಂದೆ ಗಡಿಭಾಗದ ಒಂದು ಕನ್ನಡ ಶಾಲೆಯಲ್ಲಿ ನಾನು ಮಾದರಿ ಪಾಠ ಮಾಡುತ್ತಿದ್ದೆ. ಹೊಂಡದಿಂದ ಹಿಡಿದ ನಾಲ್ಕು ನೀರುಹುಳುಗಳನ್ನೂ ಬೇಲಿಯಿಂದ ಹಿಡಿದ ಎರಡು ನೆಲದ ಹುಳುಗಳನ್ನೂ ಮಕ್ಕಳ ಕೈಯಿಂದ ಕೈಗೆ ದಾಟಿಸಿದೆ. ಮಕ್ಕಳು ಕುಣಿದರು. ನಿರೀಕ್ಷಕರು ಮೆಚ್ಚಿದರು. ಗಂಟೆ ಹೊಡೆಯಿತು, ಮಕ್ಕಳು ಓಡಿ ಹೋಗಿ ಪೋಷಣ ಆಹಾರದ ಖಿಚಡಿಗೆ ಕುಳಿತರು. ಯಾರೂ ಕೈ ತೊಳೆಯಲಿಲ್ಲ. ತೊಳೆಯಿರಿ ಎಂದು ನಾನೂ ಹೇಳಲಿಲ್ಲ. ಬಾಗಿಲ ಬಳಿ ಮೊಮ್ಮಗನಿಗಾಗಿ ಕಾಯುತ್ತ ನಿಂತಿದ್ದ ಒಬ್ಬ ಅಜ್ಜಿ ನನ್ನನ್ನು ಕರೆದು ಕೇಳಿದರು: “ಗುರುಜಿ, ಆ ಹುಳ ಇರೂ ಹೊಂಡದ ದಂಡಿ ಮ್ಯಾಲಿನ ಹುಲ್ಲು ತಿಂದ್ರ ನಮ್ಮ ಎಮ್ಮಿ ಸೊರಗತಾವ. ನೀವು ಅದನ್ನ ಹುಡುಗರ ಕೈಯಾಗ ಕೊಟ್ರಿ. ಅದರೊಳಗ ಏನೈತಿ ಅನ್ನೂದು ನಿಮಗ ಗೊತ್ತೈತೇನ್ರಿ?”

ನನಗೆ ಗೊತ್ತಿರಲಿಲ್ಲ. ಎಂ.ಎ., ಎಂ.ಎಡ್. ಪದವಿಗಳು ಆ ಪ್ರಶ್ನೆಗೆ ಉತ್ತರ ಕಲಿಸಿರಲಿಲ್ಲ. ಎಮ್ಮೆ ಸಾಕಿದ ಅನುಭವ ಆಕೆಗೆ ಕಲಿಸಿತ್ತು.

ಇದಕ್ಕೆ ವಿರುದ್ಧವಾದ ಇನ್ನೊಂದು ತಪ್ಪನ್ನೂ ನಾನು ನೋಡಿದ್ದೇನೆ. ಒಬ್ಬ ಹುಡುಗಿ ಬಾಟಲಿಯಲ್ಲಿ ತಂದ ಬಸವನಹುಳುವಿನ ಮೇಲೆ ತರುಣ ಶಿಕ್ಷಕರೊಬ್ಬರು, ಯಾವುದೋ ಮೊಬೈಲ್ ಸಂದೇಶ ಓದಿ ಹೆದರಿ, ಎಲ್ಲ ಮಕ್ಕಳ ಎದುರಿಗೇ ಉಪ್ಪು ಸುರಿದರು. ಅದು ನೊರೆಯುಗುಳಿ ಸತ್ತಿತು. ಆ ಹುಡುಗಿ ಮುಂದೆ ಶಾಲೆಗೆ ಒಂದು ಎಲೆಯನ್ನೂ ತರಲಿಲ್ಲ. ನನ್ನ ತಪ್ಪು ಅಜ್ಞಾನದ ಧೈರ್ಯ. ಅವರದು ಅಜ್ಞಾನದ ಭಯ. ಎರಡೂ ಕಡೆ ಇಲ್ಲದೆ ಹೋದದ್ದು ಒಂದೇ ಸಂಗತಿ: ಆ ಚಿಪ್ಪಿನೊಳಗೆ ಏನು ಇರಬಹುದು, ಅದು ಯಾವ ದಾರಿಯಿಂದ ನಮ್ಮನ್ನು ಮುಟ್ಟಬಹುದು ಎಂಬ ತಿಳಿವಳಿಕೆ.

ಹೆಸರಿನಿಂದ ಆರಂಭಿಸೋಣ, ಏಕೆಂದರೆ ಎರಡು ಭಾಷೆಗಳ ನಡುವೆ ಬೆಳೆಯುವ ನಮ್ಮ ಮಕ್ಕಳಿಗೆ ಹೆಸರೇ ಮೊದಲ ಪಾಠ. ಕನ್ನಡದಲ್ಲಿ ಇದು ಬಸವನಹುಳು. ಎರಡು ಕೋಡು ಕಂಡು ನಮ್ಮ ಹಿರಿಯರು ಇದನ್ನು ಬಸವನಿಗೆ ಸೇರಿಸಿದರು. ಮರಾಠಿಯಲ್ಲಿ ಗೋಗಲಗಾಯ, ಅಲ್ಲಿಯೂ ಕೋಡು, ಅಲ್ಲಿಯೂ ಹಸು. ಗಡಿಯ ಎರಡೂ ಬದಿಯ ಜನ ಒಂದೇ ಪ್ರಾಣಿಯಲ್ಲಿ ದನವನ್ನೇ ಕಂಡದ್ದು ನನಗೆ ಯಾವಾಗಲೂ ಸಂತೋಷ ಕೊಡುವ ಸಂಗತಿ. ‘ಗೋಗಲಗಾಯ ಆಣಿ ಪೋಟಾತ್ ಪಾಯ’ ಎಂಬ ಮರಾಠಿ ಗಾದೆಯನ್ನು ನಿಮ್ಮ ಮಕ್ಕಳೆಲ್ಲ ಬಲ್ಲರು. ಹೊರಗೆ ಸಾಧು, ಹೊಟ್ಟೆಯಲ್ಲಿ ಕಾಲು. ಅಂದರೆ ಮೇಲೆ ಕಾಣದ ಕಪಟ. ಪ್ರಾಣಿಶಾಸ್ತ್ರಜ್ಞರು ಈ ವರ್ಗಕ್ಕೆ ಕೊಟ್ಟ ಗ್ರೀಕ್ ಮೂಲದ ಹೆಸರಿನ ಅರ್ಥವೂ ಹೊಟ್ಟೆಯೇ ಕಾಲಾದದ್ದು ಎಂದೇ; ನಾವು ಉದರಪಾದಿಗಳು ಎನ್ನುತ್ತೇವೆ. ಗಾದೆಯಿಂದ ಪರಿಭಾಷೆಗೆ ಒಂದೇ ಹೆಜ್ಜೆ. ಹೊಟ್ಟೆಯಲ್ಲಿ ಕಾಲಷ್ಟೇ ಅಲ್ಲ, ಬೇರೆಯವರೂ ಇರಬಹುದು ಎಂಬುದಕ್ಕೆ ಇನ್ನೊಂದು ಹೆಜ್ಜೆ.

ಈ ‘ಬೇರೆಯವರ’ ಹೆಸರು ಪರಾವಲಂಬಿ, ಪರೋಪಜೀವಿ. ಮರಾಠಿ ಬರಹಗಳಲ್ಲಿ ಪರಜೀವಿ. ಮೂರೂ ಸಂಸ್ಕೃತದ ಪದಗಳು, ಮೂರೂ ಮಗುವಿನ ಮನಸ್ಸಿಗೆ ದೂರ. ಹತ್ತಿರದ ಪದ ಮಾವಿನ ಮರದಲ್ಲಿದೆ: ಬಂದಳಿಕೆ, ಮರಾಠಿಯ ಬಾಂಡಗುಳ. ಬೇರಿಲ್ಲದೆ ಇನ್ನೊಂದರ ರಸ ಹೀರಿ ಬದುಕುವ ಆ ಗಿಡವನ್ನು ಕಂಡ ಮಗುವಿಗೆ ‘ಹುಳುವಿನೊಳಗಿನ ಬಂದಳಿಕೆ’ ಎಂದರೆ ಸಾಕು. ‘ಆತಿಥೇಯ’ ಎಂಬ ಮಾತನ್ನು ಮಾತ್ರ ನಾನು ತುಸು ಅಂಜುತ್ತಲೇ ಬಳಸುತ್ತೇನೆ. ಕರೆಯದೆ ಬಂದು, ಉಂಡು, ಮನೆಯನ್ನೇ ಕೆಡಿಸುವವನು ಎಂಥ ಅತಿಥಿ? ಆದರೂ ಪರಿಭಾಷೆಯಲ್ಲಿ ಅದು ನೆಲೆಯೂರಿದೆ, ಇರಲಿ.

ಈಗ ಅಜ್ಜಿಯ ಪ್ರಶ್ನೆಗೆ ಬರುತ್ತೇನೆ. ಅದಕ್ಕೆ ಉತ್ತರ ನನಗೆ ಸಿಕ್ಕಿದ್ದು ಒಬ್ಬ ಪಶುವೈದ್ಯರಲ್ಲಿ. ಅವರು ಒಂದು ಕೃಷಿಹೊಂಡದಿಂದ ಚಿಮುಟದಲ್ಲಿ ಹಿಡಿದ ನೀರುಹುಳುವನ್ನು, ಜಿಲೇಬಿಯಂತೆ ಚಪ್ಪಟೆಯಾಗಿ ಸುರುಳಿ ಸುತ್ತಿದ ಕಂದುಬಣ್ಣದ್ದನ್ನು, ತಿಳಿನೀರಿನ ಗಾಜಿನ ಲೋಟದಲ್ಲಿ ಹಾಕಿ ಬೆಳಿಗ್ಗೆ ಕಿಟಕಿಯ ಬಿಸಿಲಿನಲ್ಲಿಟ್ಟರು. ಎರಡು ತಾಸಿನ ನಂತರ ಲೋಟದ ಹಿಂದೆ ಕಪ್ಪು ಕಾಗದ ಹಿಡಿದು, ನನ್ನ ಕೈಗೆ ಭೂತಗನ್ನಡಿ ಕೊಟ್ಟರು. ನೀರಿನಲ್ಲಿ ಬಿಳಿಯ ಧೂಳಿನ ಕಣಗಳು ಏರಿಳಿಯುತ್ತಿದ್ದವು. ಗಮನವಿಟ್ಟು ನೋಡಿದಾಗ ಪ್ರತಿಯೊಂದು ಕಣಕ್ಕೂ ಬಾಲವಿತ್ತು. ಬಾಲದ ತುದಿ ಕವಲೊಡೆದಿತ್ತು. ಹುಳುವಿನ ದೇಹದಿಂದ ಅವು ಹೊರಬರುತ್ತಲೇ ಇದ್ದವು. ಇವಕ್ಕೆ ಸರ್ಕೇರಿಯಾ ಎಂದು ಹೆಸರು. (ಈ ಊರಿನ ಹೆಸರು ಕನ್ನಡದ ಕಿವಿಗೆ ‘ಕವಲು’ ಎಂದೇ ಕೇಳಿಸುತ್ತದೆ. ನಾನು ಸ್ಥಳನಾಮದ ವ್ಯುತ್ಪತ್ತಿ ಹೇಳುತ್ತಿಲ್ಲ. ನೆನಪಿಗೊಂದು ಕೊಂಡಿ ಸಿಕ್ಕಿತು, ಅಷ್ಟೇ.) ವೈದ್ಯರು ಹೇಳಿದ ಒಂದು ಮಾತನ್ನು ನಾನು ಮರೆತಿಲ್ಲ: “ಲೋಟದೊಳಗೆ ಬೆರಳು ಅದ್ದಬೇಡಿ, ಸರ್. ಇವಕ್ಕೆ ಬಾಯಿಯ ದಾರಿ ಬೇಕಿಲ್ಲ, ಚರ್ಮವೇ ಸಾಕು.”

ಆ ಜಿಲೇಬಿ ಹುಳುವಿನ ಶಾಸ್ತ್ರೀಯ ಹೆಸರು ಇಂಡೋಪ್ಲಾನಾರ್ಬಿಸ್ ಎಕ್ಸಸ್ಟಸ್. ನಮ್ಮ ದೇಶದ ಕೆರೆ, ಹೊಂಡ, ಗದ್ದೆಗಳಲ್ಲಿ ಸರ್ವೇಸಾಮಾನ್ಯ. ದನಗಳ ಮೂಗಿನಲ್ಲಿ ಗಂಟು ಬೆಳೆದು, ಅವು ಉಸಿರೆಳೆಯುವಾಗ ಗೊರಕೆಯ ಸದ್ದು ಬರುವ ಕಾಯಿಲೆಯನ್ನು ನಿಮ್ಮಲ್ಲಿ ಒಕ್ಕಲುತನದ ಮನೆಯವರು ಕಂಡಿರಬಹುದು. ಅದರ ಕಾರಣವಾದ ಹುಳುವನ್ನು 1930ರ ದಶಕದ ಆರಂಭದಲ್ಲಿ ಮದ್ರಾಸ್ ಪ್ರಾಂತದಲ್ಲಿ ಗುರುತಿಸಿ ವರ್ಣಿಸಿದವರು ಎಂ. ಅನಂತ ನಾರಾಯಣ ರಾವ್ ಎಂಬ ನಮ್ಮವರೇ ಆದ ಪಶುವೈದ್ಯ ವಿಜ್ಞಾನಿ. ಅದು ದನಕ್ಕೆ ಹೋಗುವ ಮೊದಲು ಬೆಳೆಯುವುದು ಈ ಜಿಲೇಬಿ ಹುಳುವಿನಲ್ಲಿ. ಮನುಷ್ಯನಲ್ಲಿ ಈ ದನದ ಹುಳುಗಳು ಪೂರ್ತಿ ಬೆಳೆಯಲಾರವು. ಆದರೆ ದಾರಿ ತಪ್ಪಿ ಚರ್ಮಕ್ಕೆ ನುಗ್ಗಿ ಅಲ್ಲಿಯೇ ಸಾಯುತ್ತವೆ. ಕೆಂಪು ಗುಳ್ಳೆ, ತಡೆಯಲಾಗದ ತುರಿಕೆ ಉಳಿಯುತ್ತದೆ. ಗದ್ದೆಯಲ್ಲಿ ನಾಟಿ ಮಾಡುವವರಿಗೆ, ಹೊಂಡದಲ್ಲಿ ಈಜುವ ಮಕ್ಕಳಿಗೆ ಬರುವ ಕಾಲಿನ ತುರಿಕೆಯಲ್ಲಿ ಒಂದು ಪಾಲು ಇದರದ್ದು.

ಅಜ್ಜಿಯ ಎಮ್ಮೆಗಳು ಸೊರಗುತ್ತಿದ್ದುದು ಬಹುಶಃ ಇನ್ನೊಂದು ಹುಳುವಿನಿಂದ, ಯಕೃತ್ತಿನ ಚಪ್ಪಟೆ ಹುಳುವಿನಿಂದ. ನಮ್ಮ ಕಡೆ ಇರುವುದು ಫ್ಯಾಸಿಯೋಲಾ ಜೈಗಾಂಟಿಕಾ. ಅದು ಎಮ್ಮೆಯ ಪಿತ್ತನಾಳದಲ್ಲಿ ಕುಳಿತು ದಿನಕ್ಕೆ ಸಾವಿರಾರು ತತ್ತಿ ಇಡುತ್ತದೆ. ತತ್ತಿ ಸಗಣಿಯೊಂದಿಗೆ ನೀರಿಗೆ ಬೀಳುತ್ತದೆ. ಒಡೆದು ಹೊರಬಂದ ಮರಿ, ತೆಳು ಚಿಪ್ಪಿನ, ಅಗಲ ಬಾಯಿಯ ಇನ್ನೊಂದು ಜಾತಿಯ ನೀರುಹುಳುವನ್ನು ಹುಡುಕಿ ಒಳಗೆ ಹೋಗುತ್ತದೆ. ಒಳಗೆ ಹೋದದ್ದು ಒಂದು, ಹೊರಬರುವುದು ನೂರಾರು. ಅವು ನೀರಂಚಿನ ಹುಲ್ಲಿಗೆ ಅಂಟಿ, ಬಾಲ ಕಳಚಿ, ಗುಳಿಗೆಯಂತೆ ಸುತ್ತ ಕೋಶ ಕಟ್ಟಿಕೊಂಡು ಕಾಯುತ್ತವೆ. ಎಮ್ಮೆ ಹುಲ್ಲು ಮೇಯುತ್ತದೆ. ಚಕ್ರ ಪೂರ್ಣ. ದವಡೆಯ ಕೆಳಗೆ ನೀರು ತುಂಬಿದ ಬಾವು ಕಂಡರೆ ಅನುಭವಸ್ಥ ಕುರಿಗಾರ ಹೊಂಡದಂಚಿನ ಮೇವನ್ನೇ ಶಂಕಿಸುತ್ತಾನೆ. ಈ ಚಕ್ರವನ್ನು ವಿಜ್ಞಾನ ಬಿಡಿಸಿದ್ದು ತೀರ ಇತ್ತೀಚೆಗೆ. 1879-80ರ ಅತಿವೃಷ್ಟಿಯ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಗಟ್ಟಲೆ ಕುರಿಗಳು ಯಕೃತ್ತು ಕೊಳೆತು ಸತ್ತವು. ಆಮೇಲೆ ಆಕ್ಸ್‌ಫರ್ಡಿನಲ್ಲಿ ಥಾಮಸ್, ಜರ್ಮನಿಯಲ್ಲಿ ಲ್ಯೂಕಾರ್ಟ್, ಇಬ್ಬರೂ ಬೇರೆಬೇರೆಯಾಗಿ, ಈ ರೋಗದ ನಡುವಿನ ಮನೆ ಒಂದು ಪುಟ್ಟ ನೀರುಹುಳು ಎಂದು ತೋರಿಸಿಕೊಟ್ಟರು. ಅಜ್ಜಿ ಹೊಂಡದ ದಂಡೆ, ಹುಳು, ಸೊರಗಿದ ಎಮ್ಮೆ ಈ ಮೂರನ್ನೂ ಜೋಡಿಸಿಕೊಂಡಿದ್ದರು. ಅವರಿಗೆ ಕಾಣದೆ ಹೋದದ್ದು ನಡುವಿನ ಸೂಕ್ಷ್ಮರೂಪಗಳು ಮಾತ್ರ.

ಇದೆಲ್ಲ ದನಗಳ ಮಾತಾಯಿತು, ಮನುಷ್ಯರಿಗೇನು ಎಂದು ನೀವು ಕೇಳುವಿರಿ. ನಮ್ಮ ರಾಜ್ಯದಲ್ಲಿಯೇ ಉದಾಹರಣೆಯಿದೆ. ಇಲ್ಲಿಂದ ಸಹ್ಯಾದ್ರಿ ದಾಟಿದರೆ ರತ್ನಾಗಿರಿ ಜಿಲ್ಲೆ. ಅಲ್ಲಿ ಗಿಮ್ವಿ ಎಂಬ ಹಳ್ಳಿ. 1952ರಲ್ಲಿ ಗಾಡಗೀಳ ಮತ್ತು ಶಹಾ ಎಂಬ ಸಂಶೋಧಕರು, ಈ ಹಳ್ಳಿಯ ಜನರಲ್ಲಿ ಮೂತ್ರದೊಂದಿಗೆ ರಕ್ತ ಹೋಗುವ ಶಿಸ್ಟೋಸೋಮ ರೋಗದ ನೆಲೆಯನ್ನು ವರದಿ ಮಾಡಿದರು. ಆಫ್ರಿಕಾದಲ್ಲಿ ಕೋಟ್ಯಂತರ ಜನರನ್ನು ಕಾಡುವ, ಭಾರತದಲ್ಲಿ ಇಲ್ಲವೆಂದೇ ನಂಬಿದ್ದ ರೋಗ ಅದು. ಮೂರು ವರ್ಷಗಳ ಬಳಿಕ ಅವರು ಅದರ ನಡುವಿನ ಮನೆಯನ್ನೂ ಗುರುತಿಸಿದರು: ಫೆರಿಸ್ಸಿಯಾ ಟೆನ್ಯುಯಿಸ್. ಅದು ಸುರುಳಿಯಿಲ್ಲದ, ಕೆಲವೇ ಮಿಲಿಮೀಟರಿನ, ಕಲ್ಲಿಗೆ ಅಂಟಿದ ಪುಟ್ಟ ಟೊಪ್ಪಿಗೆಯಂಥ ಚಿಪ್ಪಿನ ಜೀವಿ. ಯಾರೂ ಅದನ್ನು ಬಸವನಹುಳು ಎಂದು ಕರೆಯಲಾರರು, ಬಾಟಲಿಯಲ್ಲಿಟ್ಟು ಸಾಕಲಾರರು. ಪಠ್ಯಗ್ರಂಥಗಳು ಇಂದಿಗೂ ಗಿಮ್ವಿಯನ್ನು ದೇಶದ ಒಂಟಿ ನೆಲೆಯೆಂದೇ ಹೇಳುತ್ತವೆ. ಹೆದರಿಸಲು ಇದನ್ನು ಹೇಳುತ್ತಿಲ್ಲ. ರೋಗ ಇದ್ದದ್ದು ನೀರಿನಲ್ಲಿ, ಆ ನೀರು ಎಲ್ಲಿಯದು ಎಂಬುದರಲ್ಲಿ. ಹುಳುವಿನ ಅಂದಚಂದದಲ್ಲಿ ಅಲ್ಲ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ಗೊತ್ತಿಲ್ಲ.

ಇನ್ನು ನೆಲದ ಬಸವನಹುಳು. ಮಕ್ಕಳು ಹೆಚ್ಚಾಗಿ ಸಾಕುವುದು ಇದನ್ನೇ. ಇದರ ಕಥೆಯಲ್ಲಿ ಎಮ್ಮೆಯ ಸ್ಥಾನದಲ್ಲಿ ಇಲಿಯಿದೆ. ಇಲಿಯ ಶ್ವಾಸಕೋಶದ ರಕ್ತನಾಳಗಳಲ್ಲಿ ಆಂಜಿಯೋಸ್ಟ್ರಾಂಗೈಲಸ್ ಎಂಬ ದಾರದಂಥ ಹುಳುವೊಂದು ವಾಸಿಸುತ್ತದೆ. 1935ರಲ್ಲಿ ಚೀನಾದ ಕ್ಯಾಂಟನ್ ನಗರದ ಇಲಿಗಳಲ್ಲಿ ಇದನ್ನು ಮೊದಲು ವರ್ಣಿಸಿದರು. ಇದರ ಮರಿಗಳು ಇಲಿಯ ಹಿಕ್ಕೆಯಲ್ಲಿ ಹೊರಬೀಳುತ್ತವೆ. ಬಸವನಹುಳು ಹಿಕ್ಕೆಯನ್ನು ಮೇಯುತ್ತದೆ. ಮರಿಗಳು ಅದರ ಮಾಂಸದಲ್ಲಿ ಬಲಿಯುತ್ತವೆ. ಇಲಿ ಬಸವನಹುಳುವನ್ನು ತಿನ್ನುತ್ತದೆ. ಮನುಷ್ಯ ಈ ಚಕ್ರದಲ್ಲಿ ಎಲ್ಲಿಯೂ ಇಲ್ಲ. ಆದರೆ ಹಸಿ ಹುಳುವಿನ ತುಣುಕೋ, ಹುಳು ಹರಿದಾಡಿದ ತೊಳೆಯದ ತರಕಾರಿಯೋ ಬಾಯಿಗೆ ಹೋದರೆ ಮರಿಗಳು ಮನುಷ್ಯನ ಮಿದುಳಿಗೆ ಏರುತ್ತವೆ, ಅಲ್ಲಿ ದಾರಿಗಾಣದೆ ಸಾಯುತ್ತವೆ. ಆಗ ಮಿದುಳಿನ ಪೊರೆ ಬಾಯುತ್ತದೆ. ಒಂದರಿಂದ ಮೂರು ವಾರಗಳಲ್ಲಿ ತೀವ್ರ ತಲೆನೋವು, ಕುತ್ತಿಗೆಯ ಬಿಗಿತ, ವಾಂತಿ, ಮೈಯಲ್ಲಿ ಸೂಜಿ ಚುಚ್ಚಿದ ಅನುಭವ. ಬಹುಪಾಲು ಜನ ಗುಣವಾಗುತ್ತಾರೆ, ಎಲ್ಲರೂ ಅಲ್ಲ. 2010ರಲ್ಲಿ ಸಿಡ್ನಿಯಲ್ಲಿ ಒಬ್ಬ ಹತ್ತೊಂಬತ್ತರ ತರುಣ ಗೆಳೆಯರ ಸವಾಲಿಗೆ ಚಿಪ್ಪಿಲ್ಲದ ಗೊಂಡೆಹುಳುವೊಂದನ್ನು ನುಂಗಿದ. ಒಂದು ವರ್ಷಕ್ಕೂ ಹೆಚ್ಚು ಕಾಲ ಪ್ರಜ್ಞೆಯಿಲ್ಲದೆ ಮಲಗಿದ, ಎದ್ದಾಗ ಕೈಕಾಲು ಸ್ವಾಧೀನದಲ್ಲಿರಲಿಲ್ಲ, 2018ರಲ್ಲಿ ತೀರಿಕೊಂಡ. ನಮ್ಮ ದೇಶದಲ್ಲಿಯೂ ಕೇರಳದಿಂದ ಇಂಥ ಮಿದುಳುಪೊರೆಯ ಉರಿಯೂತದ ವರದಿಗಳಿವೆ; ಅವುಗಳಲ್ಲಿ ಕೆಲವರು ಉಡದ ಹಸಿ ಮಾಂಸ ತಿಂದವರು. ಉಡ ಬಸವನಹುಳುವನ್ನು ತಿನ್ನುತ್ತದೆ, ಅಷ್ಟೇ ಸಂಬಂಧ.

ಇಲ್ಲಿ ತುಸು ನಿಲ್ಲುತ್ತೇನೆ, ಏಕೆಂದರೆ ಭಯ ಹುಟ್ಟುವುದು ಇಲ್ಲಿಯೇ. ನೆಲದ ಬಸವನಹುಳುವನ್ನು ಮುಟ್ಟಿದರೆ ಈ ರೋಗ ಬರುವುದಿಲ್ಲ. ಅದು ಬರುವುದು ಬಾಯಿಯ ಮೂಲಕ. ಮುಟ್ಟಿದ ಕೈ ಬಾಯಿಗೆ ಹೋಗುವ ಮುನ್ನ ಸಾಬೂನು ಕಂಡಿದ್ದರೆ ದಾರಿ ಅಲ್ಲಿಗೆ ಕಡಿಯಿತು. ನೀರಿನ ಹುಳುವಿನ ಮಾತು ಬೇರೆ. ಅಲ್ಲಿ ಹುಳುವಿಗಿಂತ ಅದು ಇರುವ ನೀರೇ ಮುಖ್ಯ, ದಾರಿ ಚರ್ಮ. ನೆಲದ್ದಕ್ಕೆ ಬಾಯಿ, ನೀರಿನದಕ್ಕೆ ಚರ್ಮ: ಇಂದಿನ ಮಾತಿನಲ್ಲಿ ಬೇರೇನು ಮರೆತರೂ ಇದನ್ನು ಮರೆಯಬೇಡಿ. ನಾನು ಆ ದಿನ ಎರಡನ್ನೂ ಒಂದೇ ತಟ್ಟೆಯಲ್ಲಿಟ್ಟು, ಅದೇ ಹೊಂಡದ ನೀರಿನೊಂದಿಗೆ, ಮಕ್ಕಳ ಕೈಗೆ ಕೊಟ್ಟಿದ್ದೆ.

ಕವಲಾಪುರದವರಿಗೆ ಗಜ್ಜರಿಯ ವಿಷಯ ನಾನು ಹೇಳಬೇಕಾಗಿಲ್ಲ. ಸಂಕ್ರಾಂತಿಯ ಭೋಗಿಗೆ ಸಾಂಗಲಿಯ ಪೇಟೆ ಕಾಯುವುದೇ ಇಲ್ಲಿಯ ಗಜ್ಜರಿಗೆ. ಹೊಲದಲ್ಲಿ ಕಿತ್ತು, ಅಂಗಿಗೆ ಒರೆಸಿ, ಕಚ್ಚಿ ತಿನ್ನುವ ಸುಖವನ್ನು ನಾನೂ ಬಾಲ್ಯದಲ್ಲಿ ಉಂಡವನು. ಇಲ್ಲಿಯ ಗಜ್ಜರಿಯಲ್ಲಿ ದೋಷವಿದೆ ಎಂದು ನಾನು ಹೇಳುತ್ತಿಲ್ಲ. ಹಸಿಯಾಗಿ ತಿನ್ನುವ ಯಾವುದನ್ನೇ ಆಗಲಿ, ಗಜ್ಜರಿ, ಮೂಲಂಗಿ, ಮೆಂತ್ಯದ ಸೊಪ್ಪು, ಹರಿಯುವ ನೀರಿನಲ್ಲಿ ಎಲೆ ಎಲೆಯಾಗಿ ತೊಳೆಯಬೇಕು. ಸೊಪ್ಪಿನ ಮಡಿಕೆಗಳಲ್ಲಿ ಅಕ್ಕಿಕಾಳಿನಷ್ಟು ಸಣ್ಣ ಬಸವನಹುಳು ಅಡಗಿರುತ್ತದೆ. ಅಂಗಿ ಇದನ್ನು ಮಾಡಲಾರದು.

ಆಫ್ರಿಕಾದ ದೈತ್ಯ ಬಸವನಹುಳುವಿನ ಮಾತನ್ನು ಪ್ರತ್ಯೇಕವಾಗಿ ಹೇಳಬೇಕು. ಅಂಗೈಯಷ್ಟು ಉದ್ದದ, ಮೊನಚಾದ, ಕಂದು ಪಟ್ಟೆಯ ಚಿಪ್ಪು. ಮಕ್ಕಳಿಗೆ ಸಹಜವಾಗಿಯೇ ಅದರ ಮೇಲೆ ಮೋಹ. ಇದು ನಮ್ಮ ನೆಲದ್ದಲ್ಲ. 1847ರಲ್ಲಿ ಬೆನ್ಸನ್ ಎಂಬ ಚಿಪ್ಪುಜೀವಿಗಳ ಅಭ್ಯಾಸಿ ಮಾರಿಷಸ್‌ನಿಂದ ತಂದು ಕಲ್ಕತ್ತೆಯ ಒಂದು ತೋಟದಲ್ಲಿ ಬಿಟ್ಟರು. ಅಲ್ಲಿಂದ ಅದು ದೇಶ ಹಬ್ಬಿತು. ಕೊಡಗಿನ ಕಾಫಿ ಬೆಳೆಗಾರರು ಇದರಿಂದ ಬೇಸತ್ತಿದ್ದಾರೆ. 2022ರ ಮಳೆಗಾಲದಲ್ಲಿ ಲಾತೂರು, ಬೀಡ, ಧಾರಾಶಿವ ಜಿಲ್ಲೆಗಳಲ್ಲಿ ಸೋಯಾಬೀನಿನ ಎಳೆ ಸಸಿಗಳನ್ನು ಗೋಗಲಗಾಯಗಳು ರಾತ್ರಿ ಬೆಳಗಾಗುವುದರಲ್ಲಿ ಮುಗಿಸಿದ ಸುದ್ದಿಯನ್ನು ನೀವೆಲ್ಲ ಓದಿದ್ದೀರಿ. ಇಲಿಯ ಹುಳುವನ್ನು ಹೊರುವುದರಲ್ಲಿ ಈ ದೈತ್ಯನದು ಎತ್ತಿದ ಕೈ. ಸಾಕುವ ಚಪಲ ಎಲ್ಲಿಗೆ ಮುಟ್ಟೀತು ಎಂಬುದಕ್ಕೆ ಅಮೆರಿಕದ ಮಯಾಮಿಯ ಪ್ರಸಂಗ ಪ್ರಸಿದ್ಧ. 1966ರಲ್ಲಿ ಹವಾಯಿಯಿಂದ ಮರಳಿದ ಒಬ್ಬ ಹುಡುಗ ಮೂರು ಹುಳುಗಳನ್ನು ಗುಟ್ಟಾಗಿ ತಂದ. ಅವನ ಅಜ್ಜಿ ಅವನ್ನು ಹಿತ್ತಲಿಗೆ ಬಿಟ್ಟರು. ಏಳು ವರ್ಷಗಳಲ್ಲಿ ಹದಿನೆಂಟು ಸಾವಿರಕ್ಕೂ ಮಿಕ್ಕಿ ಹುಳುಗಳಾದವು. ನಿರ್ಮೂಲನಕ್ಕೆ ಹತ್ತು ವರ್ಷ ಹಿಡಿಯಿತು. ಹಾಗಿದ್ದೂ ಬ್ರಿಟನ್ನಿನ ಎಷ್ಟೋ ಪ್ರಾಥಮಿಕ ಶಾಲೆಗಳು ಇದೇ ದೈತ್ಯನನ್ನು ತರಗತಿಯ ಗಾಜಿನ ಪೆಟ್ಟಿಗೆಯಲ್ಲಿ ಸಾಕಿವೆ. ಅವರು ಮೂರ್ಖರೇನಲ್ಲ. ಅವರ ಹುಳುಗಳು ಪೆಟ್ಟಿಗೆಯಲ್ಲಿಯೇ ಹುಟ್ಟಿದವು, ಇಲಿಯ ಹಿಕ್ಕೆ ಕಾಣದವು, ಆ ಚಳಿಯಲ್ಲಿ ಹೊರಗೆ ಬದುಕಲಾರದವು. ನಮ್ಮಲ್ಲಿ ಈ ಮೂರೂ ಇಲ್ಲ. ಆದ್ದರಿಂದ ಈ ಜಾತಿಯನ್ನು ಶಾಲೆಯಲ್ಲಿ ಸಾಕಬೇಡಿ. ಮಗು ತಂದರೆ ಮಗುವನ್ನು ಬೈಯದೆ, ಕೈಚೀಲ ತೊಟ್ಟು ದೊಡ್ಡವರೇ ಅದನ್ನು ಗಟ್ಟಿ ಉಪ್ಪುನೀರಿನಲ್ಲಿ ಹಾಕಿ ಆಳವಾಗಿ ಹೂಳಬೇಕು. ಮಕ್ಕಳ ಎದುರಿಗೆ ಬೇಡ. ಅದನ್ನು ಕೊಲ್ಲಲು ಹೊಲಕ್ಕೆ ಹಾಕುವ ವಿಷದ ಕಾಳುಗಳನ್ನು ಮಕ್ಕಳು ಮುಟ್ಟದಂತೆಯೂ ಹೇಳಿರಿ.

ಬ್ರಿಟನ್ನಿನವರ ಪೆಟ್ಟಿಗೆಯಿಂದ ನಾವು ಕಲಿಯಬೇಕಾದದ್ದು ಒಂದಿದೆ. ಈ ಪರಾವಲಂಬಿಗಳು ಬಸವನಹುಳುವಿನ ತಾಯಿಯಿಂದ ತತ್ತಿಗೆ ದಾಟುವುದಿಲ್ಲ. ಪ್ರತಿ ಹುಳುವೂ ಹೊಸದಾಗಿ, ಹೊರಗಿನಿಂದ, ಇಲಿಯಿಂದಲೋ ದನದಿಂದಲೋ ಸೋಂಕು ಪಡೆಯಬೇಕು. ಅಂದರೆ ನಮ್ಮ ಬೇಲಿಯ ಸಣ್ಣ ಬಸವನಹುಳು ಬಾಟಲಿಯ ಮಣ್ಣಿನಲ್ಲಿ ಇಟ್ಟ ಮುತ್ತಿನಂಥ ತತ್ತಿಗಳಿಂದ ಹೊರಬಂದ ಮರಿಗಳು, ತೊಳೆದ ಎಲೆ ತಿಂದು, ಇಲಿ ಸುಳಿಯದ ಕಡೆ ಬೆಳೆದರೆ, ಈ ಹುಳುಗಳ ಸೋಂಕಿಲ್ಲದವು. ತಾಯಿಹುಳುವನ್ನು ತಂದ ಜಾಗಕ್ಕೆ ಮರಳಿಸಿ, ಮರಿಗಳನ್ನು ಉಳಿಸಿಕೊಳ್ಳಿ. ಮಣ್ಣನ್ನು ಮಾತ್ರ ಮೊದಲೇ ಬಾಣಲೆಯಲ್ಲಿ ಹುರಿದು ಆರಿಸಿರಬೇಕು. ತತ್ತಿಯಿಂದ ಮರಿ, ಮರಿಗೆ ಸುಣ್ಣ ಬೇಕೆಂದು ಮೊಟ್ಟೆಯ ಸಿಪ್ಪೆಯ ಪುಡಿ, ವಾರಕ್ಕೊಮ್ಮೆ ಚಿಪ್ಪಿನ ಸುರುಳಿಯ ಅಳತೆ: ಒಂದು ಮಳೆಗಾಲದ ಪಾಠ ಇದರಲ್ಲಿದೆ.

ಮಕ್ಕಳು ಕೇಳುವ ಇನ್ನೆರಡು ಪ್ರಶ್ನೆಗಳಿಗೆ ಚುಟುಕಾಗಿ ಹೇಳುತ್ತೇನೆ. ಕೋಡಿನಲ್ಲಿ ಹಸಿರು ಪಟ್ಟೆಗಳು ಮಿಡಿಯುವ ‘ಜೋಂಬಿ’ ಬಸವನಹುಳುವಿನ ವಿಡಿಯೊ ಸುಳ್ಳಲ್ಲ. ಅದು ಯುರೋಪು, ಅಮೆರಿಕಗಳ ಕಡೆಯ ಒಂದು ಚಪ್ಪಟೆ ಹುಳುವಿನ ಕೆಲಸ. ಕೋಡನ್ನು ಕಂಬಳಿಹುಳುವಿನಂತೆ ತೋರಿಸಿ ಹಕ್ಕಿಯನ್ನು ಕರೆಯುತ್ತದೆ, ಹಕ್ಕಿಯೇ ಅದರ ಮುಂದಿನ ಮನೆ. ಮನುಷ್ಯನಿಗೆ ಅದರಿಂದ ಏನೂ ಇಲ್ಲ. ಹಾಗೆಯೇ ಬಸವನಹುಳುವಿನ ಮೈಮೇಲೆ ಚುರುಕಾಗಿ ಓಡುವ ಬಿಳಿ ಚುಕ್ಕೆಗಳು ನುಸಿಗಳು. ಅವು ಅದರ ರಕ್ತ ಹೀರುವ ಬಂದಳಿಕೆಗಳು, ನಮ್ಮವಲ್ಲ. ಬಾಟಲಿ ತೊಳೆದು ಮಣ್ಣು ಬದಲಿಸಿದರೆ ಹುಳುವಿಗೆ ತುಸು ನೆಮ್ಮದಿ.

ಫೆಬ್ರವರಿ 10 ಮತ್ತು ಆಗಸ್ಟ್ 10ರ ಜಂತುನಾಶಕ ದಿನದಂದು ನೀವೇ ಮಕ್ಕಳಿಗೆ ಆಲ್ಬೆಂಡಜೋಲ್ ಗುಳಿಗೆ ಅಗಿಯಿಸುತ್ತೀರಿ. ‘ಗುಳಿಗೆ ತೊಗೊಂಡೇವಲ್ಲರೀ, ಇನ್ನ ಹುಳದ ಚಿಂತಿ ಯಾಕ?’ ಎಂದು ಪಾಲಕರು ಕೇಳುವುದುಂಟು. ಆ ಗುಳಿಗೆ ಮಣ್ಣಿನಿಂದ ಬರುವ ಕರುಳಿನ ಜಂತುಗಳಿಗೆ, ಅಂದರೆ ದುಂಡುಹುಳು, ಕೊಕ್ಕೆಹುಳು, ಚಾಟಿಹುಳುಗಳಿಗೆ. ಯಕೃತ್ತಿನ ಚಪ್ಪಟೆ ಹುಳುವಿಗೆ, ಶಿಸ್ಟೋಸೋಮಕ್ಕೆ ಬೇರೆಯೇ ಔಷಧಿಗಳಿವೆ. ಇಲಿಯ ಹುಳು ಮಿದುಳಿಗೆ ಏರಿದರೆ ವೈದ್ಯರೇ ನಿರ್ಧರಿಸಬೇಕು. ಸುತ್ತೋಲೆ ಬರುವುದು ಮರಾಠಿಯಲ್ಲಿ. ಅದರಲ್ಲಿಯ ‘ಜಂತ’ ಎಂಬ ಒಂದೇ ಪದವನ್ನು ನಾವು ಹಾಗೆಯೇ ದಾಟಿಸಿಬಿಟ್ಟರೆ ತಾಯಂದಿರ ಮನಸ್ಸಿನಲ್ಲಿ ಎಲ್ಲ ಹುಳುಗಳೂ ಒಂದಾಗುತ್ತವೆ. ಯಾವ ಹುಳು, ಯಾವ ದಾರಿ, ಯಾವ ಗುಳಿಗೆ ಎಂದು ಅವರ ಕನ್ನಡದಲ್ಲಿ ಬಿಡಿಸಿ ಹೇಳುವವರು ಆ ಊರಿನಲ್ಲಿ ನಿಮ್ಮನ್ನು ಬಿಟ್ಟರೆ ಮತ್ತೊಬ್ಬರಿಲ್ಲದಿರಬಹುದು. ಮಗುವನ್ನು ಮಿರಜಿನ ಆಸ್ಪತ್ರೆಗೆ ಕರೆದೊಯ್ಯುವ ತಾಯಿಗೆ ‘ಹುಡುಗ ಬಸವನಹುಳು ಸಾಕಿದ್ದ, ಬಾಯಿಗೆ ಹಾಕಿಕೊಂಡಿದ್ದ’ ಎಂಬ ಒಂದು ವಾಕ್ಯವನ್ನು ಮರಾಠಿಯಲ್ಲಿ ಚೀಟಿ ಬರೆದು ಕೊಡಿ. ತಲೆನೋವು, ಜ್ವರಕ್ಕೆ ನೂರು ಕಾರಣಗಳಿರುವಾಗ ವೈದ್ಯರು ಕೇಳದೆ ಬಿಡಬಹುದಾದ ಪ್ರಶ್ನೆ ಇದು.

ನೀರಿನ ಹುಳುವನ್ನು ತೋರಿಸಲೇಬೇಕೆಂದರೆ ಮುಚ್ಚಿದ ಗಾಜಿನ ಬಾಟಲಿಯಲ್ಲಿ ತೋರಿಸಿ. ನೀರಿಗೆ ಕೈಯಿಡದಿರಿ, ಚಮಚ ಬಳಸಿ. ಆ ನೀರನ್ನು ಬಾವಿ, ಹೊಂಡ, ಕಾಲುವೆಗಳಿಗೆ ಚೆಲ್ಲದೆ, ಕುದಿಯುವ ನೀರು ಬೆರೆಸಿ, ಬಿಸಿಲು ಬೀಳುವ ಒಣ ನೆಲಕ್ಕೆ ಸುರಿಯಿರಿ. ಲೋಟದ ಪ್ರಯೋಗವನ್ನು ಪಶುವೈದ್ಯರಿಲ್ಲದೆ ಮಾಡಬೇಡಿ. ಅವರನ್ನು ಶಾಲೆಗೆ ಕರೆಯಿರಿ. ಕರೆದರೆ ಸಂತೋಷದಿಂದ ಬರುತ್ತಾರೆ, ಯಾರೂ ಅವರನ್ನು ಪಾಠಕ್ಕೆ ಕರೆಯುವುದಿಲ್ಲ.

ಹೋದ ಮಳೆಗಾಲದಲ್ಲಿ ಜತ್ತ ತಾಲೂಕಿನ ಒಂದು ಶಾಲೆಯಲ್ಲಿ, ಕಿಟಕಿಯ ಕಟ್ಟೆಯ ಮೇಲೆ ಇಂಥದೊಂದು ಬಾಟಲಿ ಕಂಡೆ. ಶಿಕ್ಷಕಿ ಅದಕ್ಕೆ ಚೀಟಿ ಅಂಟಿಸಿದ್ದರು: ಎಲ್ಲಿಂದ ತಂದದ್ದು, ಯಾವ ದಿನ, ಯಾರು, ಎಲ್ಲಿ ಯಾವ ದಿನ ಮರಳಿ ಬಿಡುವುದು. ನಾಲ್ಕು ಸಾಲುಗಳ ಕೆಳಗೆ, ಬೇರೆಯದೇ ಸೊಟ್ಟ ಅಕ್ಷರಗಳಲ್ಲಿ, ಒಂದು ಮಗು ಪೆನ್ಸಿಲಿನಿಂದ ಸೇರಿಸಿತ್ತು: “ಇದರೊಳಗ ಮತ್ತ ಯಾರರೆ ಇರಬಹುದು. ನೋಡಿದ ಮ್ಯಾಲೆ ಕೈ ತೊಳಕೋರಿ.” ಬಾಟಲಿಯ ಪಕ್ಕದಲ್ಲಿ ಅರ್ಧ ಸವೆದ ಸಾಬೂನಿನ ತುಂಡು ಇತ್ತು. ನಾನು ನೋಡಿದೆ, ಹೊರಗಿನ ನಲ್ಲಿಗೆ ಹೋಗಿ ಕೈ ತೊಳೆದುಕೊಂಡೆ.